ಪ್ಯಾರಾಬೋಲಿಕ್ ಹಾರಾಟಕ್ಕೆ ರೋಬೋ ತೋಳು: ಏನೇನು ಬದಲಿಸಬೇಕು, ಏನೇನು ಪರೀಕ್ಷಿಸಬೇಕು?

ತೇಲುತೋಳು:
ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಯಲ್ಲಿ ಓದುತ್ತಿರುವ ನಾಲ್ವರು ಸ್ನಾತಕೋತ್ತರ ವಿದ್ಯಾರ್ಥಿಗಳು. ಫ್ರಾನ್ಸಿನ ಬೋರ್ಡೋದಿಂದ ಹಾರುವ ನೊವೆಸ್ಪೇಸ್‌ನ ಏರ್‌ಬಸ್ ಎ310 ವಿಮಾನಕ್ಕೆ ಪ್ರಯೋಗ ಕಟ್ಟುತ್ತಿದ್ದೇವೆ. ಈ ವಿಮಾನ ಎಸೆದ ಕಲ್ಲಿನಂತೆ ಬಾಗಿದ ಪಥದಲ್ಲಿ (ಪ್ಯಾರಾಬೋಲಾ) ಹಾರಿದಾಗ ಒಳಗಿನ ವಸ್ತುಗಳು ಸ್ವಲ್ಪ ಹೊತ್ತು ತೂಕವಿಲ್ಲದೆ ತೇಲುತ್ತವೆ. 6 ಕೆ.ಜಿ. ಪೆಟ್ಟಿಗೆ, ಅದರ ಮೇಲೆ ಎರಡು ಕೀಲಿನ 30 ಸೆಂ.ಮೀ. ತೋಳು, ತುದಿಯಲ್ಲಿ ಅರ್ಧ ಕೆ.ಜಿ. ಭಾರ. ಪೆಟ್ಟಿಗೆಯನ್ನು ತೇಲಬಿಟ್ಟು, ತೋಳು ಆಡಿದಾಗ ಅದು ಎಷ್ಟು ತಿರುಗುತ್ತದೆ ಎಂದು ಅಳೆಯಬೇಕು. ಲ್ಯಾಪ್‌ಟಾಪ್, ಕ್ಯಾಮೆರಾ ಇರುವ 40 ಕೆ.ಜಿ. ರ‍್ಯಾಕ್ ನೆಲಕ್ಕೆ ಬೋಲ್ಟ್ ಆಗುತ್ತದೆ. ಒಟ್ಟು 18 ಸೆಕೆಂಡಿನ ಚಲನೆಯ ಸರಣಿ ಬರೆದಿದ್ದೇವೆ. 22 ಸೆಕೆಂಡಿನ ಒಂದು ಪ್ಯಾರಾಬೋಲಾದಲ್ಲಿ ಇದು ಮುಗಿಯುತ್ತದೆಯೇ? ಪ್ರಯೋಗಾಲಯದ ಮೇಜಿನ ಮೇಲೆ ಎಲ್ಲವೂ ಸರಿಯಾಗಿ ನಡೆಯುತ್ತಿದೆ.

ಜಡತ್ವ:
ಮುಗಿಯುವುದಿಲ್ಲ. 22 ಸೆಕೆಂಡು ಸಿಗುವುದು ವಿಮಾನಕ್ಕೆ ಬಿಗಿದಿಟ್ಟ ಪ್ರಯೋಗಕ್ಕೆ. ತೇಲುವ ಪೆಟ್ಟಿಗೆಗೆ ಅಷ್ಟು ಸಿಗದು. ವಿಮಾನ ಪಥದಿಂದ ಚೂರು ಆಚೀಚೆ ಆಗುತ್ತಲೇ ಇರುತ್ತದೆ, ಉಳಿಕೆ ಗುರುತ್ವ 0.02 ಜಿ (1 ಜಿ ಎಂದರೆ ನೆಲದ ಮೇಲಿನ ಗುರುತ್ವ) ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 0.2 ಮೀಟರ್. ಅದು ಒಂದೇ ದಿಕ್ಕಿನಲ್ಲಿ ಉಳಿದರೆ ಅರ್ಧ ಮೀಟರ್ ಆಚೆಯ ಗೋಡೆಗೆ ಪೆಟ್ಟಿಗೆ 2.3 ಸೆಕೆಂಡಿನಲ್ಲಿ ತಾಗುತ್ತದೆ. ಅದೃಷ್ಟವಿದ್ದರೆ 5 ಸೆಕೆಂಡೋ ಇನ್ನೂ ಹೆಚ್ಚೋ ಸಿಗಬಹುದು, ಆದರೆ ಅದನ್ನು ನಂಬಿ ಸರಣಿ ಬರೆಯಬೇಡಿ.

ಒಂದೊಂದು ಚಲನೆಯನ್ನೂ 2 ಸೆಕೆಂಡಿಗೆ ಇಳಿಸಿ, ಬಿಡಿಬಿಡಿಯಾಗಿ ನಡೆಸಿ. ಪೆಟ್ಟಿಗೆ ಗೋಡೆಯ ಹತ್ತಿರ ಬಂದರೆ ಹಿಡಿದು, ಮಧ್ಯಕ್ಕೆ ತಂದು, ಮತ್ತೆ ಬಿಡಬಹುದು. ಒಂದು ಹಾರಾಟಕ್ಕೆ 31 ಪ್ಯಾರಾಬೋಲಾ, ಮೂರು ದಿನಕ್ಕೆ 93. ಆದ್ದರಿಂದ ಮರುಪ್ರಯತ್ನಕ್ಕೆ ಕೊರತೆಯಿಲ್ಲ. ಮುಖ್ಯ ಅಳತೆ ಮೊದಲ ದಿನವೇ ಬರುವಂತೆ ಕ್ರಮ ಹಾಕಿ.

ಇನ್ನೊಂದು ಸಂಗತಿ ಬಹಳ ತಂಡಗಳ ಲೆಕ್ಕದಿಂದ ಬಿಟ್ಟುಹೋಗುತ್ತದೆ. ವಿಮಾನದ ಮೂಗು ಸುಮಾರು 50 ಡಿಗ್ರಿ ಮೇಲಕ್ಕಿದ್ದದ್ದು 22 ಸೆಕೆಂಡಿನಲ್ಲಿ ಅಡ್ಡಗೆರೆಗಿಂತ 40ಕ್ಕೂ ಹೆಚ್ಚು ಡಿಗ್ರಿ ಕೆಳಕ್ಕೆ ಬಾಗುತ್ತದೆ, ಒಟ್ಟು 90 ಡಿಗ್ರಿಗೂ ಹೆಚ್ಚು. ಅಂದರೆ ಸರಾಸರಿ ಸೆಕೆಂಡಿಗೆ 4 ಡಿಗ್ರಿಯಂತೆ ಇಡೀ ಕ್ಯಾಬಿನ್ನೇ ತಿರುಗುತ್ತಿರುತ್ತದೆ. ರ‍್ಯಾಕಿನ ಕ್ಯಾಮೆರಾ ಕೂಡ ಅದರ ಜೊತೆಗೇ ತಿರುಗುತ್ತದೆ. ನೀವು ಅಳೆಯಹೊರಟಿರುವುದೇ ತಿರುಗುವಿಕೆ! ಪೆಟ್ಟಿಗೆಯಲ್ಲೊಂದು, ರ‍್ಯಾಕಿನಲ್ಲೊಂದು ಗೈರೋ (ತಿರುಗುವ ವೇಗ ಅಳೆಯುವ ಸೆನ್ಸರ್) ಇಡಿ, ಎರಡರ ಸಮಯವನ್ನೂ ಹೊಂದಿಸಿ. ಕೈಬಿಟ್ಟ ಮೇಲೆ ಅರ್ಧ ಸೆಕೆಂಡು ತೋಳನ್ನು ಆಡಿಸಬೇಡಿ. ಬಿಡುವಾಗಲೇ ಸೇರಿಕೊಂಡ ತಿರುಗುವಿಕೆ ಎಷ್ಟೆಂದು ಆ ಅರ್ಧ ಸೆಕೆಂಡಿನ ದಾಖಲೆ ಹೇಳುತ್ತದೆ. ಪೆಟ್ಟಿಗೆಗೆ ವೈರ್ ಎಳೆಯಲೇಬೇಡಿ. ತೆಳುವಾದ ಯುಎಸ್‌ಬಿ ಕೇಬಲ್ಲೂ ಅಲ್ಲಿ ಸ್ಪ್ರಿಂಗಿನಂತೆ ತಳ್ಳುತ್ತದೆ.

ಗೇರುಹಲ್ಲು:
ಮೇಜಿನ ಮೇಲೆ ಸರಿಯಾಗಿ ನಡೆಯುತ್ತಿದೆ ಅಂದಿರಲ್ಲ, ನನಗೆ ಚಿಂತೆ ಅದೇ. ನಿಮ್ಮ ಪಿಐಡಿ (ತೋಳನ್ನು ಬೇಕಾದ ಜಾಗದಲ್ಲಿ ನಿಲ್ಲಿಸುವ ನಿಯಂತ್ರಣ ಸೂತ್ರ) ಈಗ ಗುರುತ್ವದ ಜೊತೆಗೇ ಟ್ಯೂನ್ ಆಗಿದೆ. ತೋಳನ್ನು ಎತ್ತಿ ಹಿಡಿಯಲು ಬೇಕಾದ ಟಾರ್ಕ್ (ತಿರುಗಿಸುವ ಬಲ) ಅದರ ಇಂಟಿಗ್ರಲ್ ಭಾಗದಲ್ಲಿ, ಅಂದರೆ ಹಿಂದಿನ ತಪ್ಪುಗಳನ್ನು ಕೂಡಿಸಿಡುವ ಭಾಗದಲ್ಲಿ, ಕೂಡಿಕೊಂಡಿರುತ್ತದೆ. ಭಾರ ಮಾಯವಾದ ಕ್ಷಣ ಆ ಟಾರ್ಕ್ ತೋಳನ್ನು ಮೇಲಕ್ಕೆ ಒದೆಯುತ್ತದೆ, ಪೆಟ್ಟಿಗೆ ಅಳತೆಗೆ ಮೊದಲೇ ತಿರುಗಲು ಶುರುಮಾಡುತ್ತದೆ. ಕೈಬಿಡುವ ಮುನ್ನ ಇಂಟಿಗ್ರಲ್ಲನ್ನು ಸೊನ್ನೆ ಮಾಡಿ. ಗುರುತ್ವ ಪರಿಹಾರದ ಪದ ಹಾಕಿದ್ದರೆ ಅದನ್ನೂ ಒಂದು ಫ್ಲ್ಯಾಗ್‌ನಿಂದ ಆರಿಸಿ. ಆಕ್ಸಿಲರೋಮೀಟರ್ ನೋಡಿ ತಾನಾಗಿ ಆರುವಂತೆ ಮಾಡಬೇಡಿ: ತೋಳು ಆಡಿದರೆ ಪೆಟ್ಟಿಗೆಯೂ ಅಲುಗುತ್ತದೆ, ಆ ಅಲುಗಾಟವನ್ನೇ ಕಂಟ್ರೋಲರ್ ಗುರುತ್ವವೆಂದು ಓದುತ್ತದೆ.

ಎರಡನೆಯದು ಗೇರಿನ ಸಡಿಲ. ನೆಲದ ಮೇಲೆ ತೋಳಿನ ಭಾರ ಹಲ್ಲುಗಳನ್ನು ಒಂದೇ ಬದಿಗೆ ಒತ್ತಿ ಹಿಡಿಯುತ್ತದೆ, ಹಾಗಾಗಿ ಸಡಿಲ ಕಾಣುವುದೇ ಇಲ್ಲ. ತೂಕವಿಲ್ಲದಾಗ ಹಲ್ಲು ನಡುವೆ ತೇಲುತ್ತದೆ, ಗೇನ್ (ತಪ್ಪಿಗೆ ಕಂಟ್ರೋಲರ್ ಎಷ್ಟು ಜೋರಾಗಿ ಪ್ರತಿಕ್ರಿಯಿಸುತ್ತದೆ ಎಂಬುದು) ಜಾಸ್ತಿಯಿದ್ದರೆ ತೋಳು ಗಡಗಡ ನಡುಗುತ್ತದೆ. ಮೂರನೆಯದಾಗಿ, ಪ್ಯಾರಾಬೋಲಾದ ಮುಂಚೆ ಮತ್ತು ನಂತರ ಸುಮಾರು 20 ಸೆಕೆಂಡು 1.8 ಜಿ ಇರುತ್ತದೆ. ತೋಳು ಅಡ್ಡ ಚಾಚಿದ್ದರೆ ತುದಿಯ ಭಾರಕ್ಕೇ ಸರ್ವೋ ಮೇಲೆ 1.5 ನ್ಯೂಟನ್-ಮೀಟರ್ ಬದಲು 2.65 ಬೀಳುತ್ತದೆ. ಸರ್ವೋ ಹಿಡಿದುಕೊಂಡೇ ಬಿಸಿಯಾಗುತ್ತದೆ. ಆ ಹೊತ್ತಿಗೆ ತೋಳನ್ನು ಮಡಚಿ, ಪಿನ್ ಹಾಕಿ, ಮೋಟಾರ್ ಆರಿಸಿಡಿ.

ತೇಲುತೋಳು:
ತುಂಬಾ ಧನ್ಯವಾದ. ಗೇರಿನ ನಡುಕವನ್ನು ನೆಲದ ಮೇಲೆಯೇ ನೋಡುವ ದಾರಿ ಇದೆಯೇ?

ಗೇರುಹಲ್ಲು:
ಇದೆ. ಕೀಲಿನ ಅಕ್ಷಗಳು ನೆಟ್ಟಗೆ ನಿಲ್ಲುವಂತೆ ತೋಳನ್ನು ಮಗ್ಗುಲಿಗೆ ತಿರುಗಿಸಿ ಬಿಗಿಯಿರಿ. ಆಗ ತೋಳು ನೆಲಕ್ಕೆ ಸಮಾನಾಂತರವಾಗಿ ಆಡುತ್ತದೆ, ಕೀಲಿನ ಟಾರ್ಕಿನಲ್ಲಿ ಗುರುತ್ವದ ಪಾಲು ಇರುವುದಿಲ್ಲ. ನಡುಕ ಇದ್ದರೆ ಅಲ್ಲೇ ಕಾಣುತ್ತದೆ. ಗೇನ್‌ಗಳನ್ನು ಈ ಭಂಗಿಯಲ್ಲೇ ಟ್ಯೂನ್ ಮಾಡಿ. ಬೇರಿಂಗಿನ ಘರ್ಷಣೆ ಮಾತ್ರ ವಿಮಾನದಲ್ಲಿ ಇದಕ್ಕಿಂತ ಕಡಿಮೆ, ಹಾಗಾಗಿ ಗೇನ್ ಇನ್ನೂ ಸ್ವಲ್ಪ ತಗ್ಗಿಸಿದ ಎರಡನೇ ಕಟ್ಟನ್ನೂ ಮೆನುವಿನಲ್ಲಿಡಿ. 1.8 ಜಿ ಪರೀಕ್ಷೆಗೆ ಪಿನ್ ಹಾಕಿದ ತೋಳಿನ ತುದಿಗೆ ಇನ್ನೂ 400 ಗ್ರಾಂ ಕಟ್ಟಿ.

ಬೋಲ್ಟು_ನಟ್ಟು:
ರ‍್ಯಾಕ್ ಬಗ್ಗೆ ಯಾರೂ ಹೇಳಿಲ್ಲ. ತುರ್ತು ಇಳಿಯುವಿಕೆಗೆ ಮುಂದಿನ ದಿಕ್ಕಿನಲ್ಲಿ 9 ಜಿ ತಾಳುವ ಲೆಕ್ಕ ಕೊಡಬೇಕು. 40 ಕೆ.ಜಿ.ಗೆ ಅದು 3,530 ನ್ಯೂಟನ್. ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ, ಮುಂದಿನ ಹಿಂದಿನ ಬೋಲ್ಟುಗಳ ನಡುವೆ 0.8 ಮೀಟರ್ ಇದ್ದರೆ, ಹಿಂದಿನ ಎರಡು ಬೋಲ್ಟುಗಳು ತಲಾ 1,100 ನ್ಯೂಟನ್ ಮೇಲೆಳೆತ ತಡೆಯಬೇಕು. 8.8 ದರ್ಜೆಯ ಎಂ10 ಬೋಲ್ಟಿಗೆ ಇದು ಲೆಕ್ಕಕ್ಕೇ ಇಲ್ಲ. ಸೋಲುವುದು ಅಲ್ಯೂಮಿನಿಯಂ ಪ್ರೊಫೈಲಿನ ಮೂಲೆಗಳು. ಅಲ್ಲಿ ಟಿ-ನಟ್ಟು (ಪ್ರೊಫೈಲಿನ ಸೀಳಿನಲ್ಲಿ ಕೂರುವ ನಟ್ಟು) ಹಿಡಿದಿರುವುದು ಬರೀ ಘರ್ಷಣೆಯಿಂದ, ಜಾರುತ್ತದೆ. ಭಾರ ಹೊರುವ ಮೂಲೆಗಳಿಗೆ ಆರಪಾರ ಬೋಲ್ಟ್ ಹಾಕಿ. ರ‍್ಯಾಕಿನೊಳಗಿನ ಪ್ರತಿ ಭಾಗಕ್ಕೂ ಇದೇ 9 ಜಿ ಅನ್ವಯ, ಲ್ಯಾಪ್‌ಟಾಪಿಗೂ. ವೆಲ್ಕ್ರೋ ಒಂದನ್ನೇ ನಂಬಬೇಡಿ, ಪಟ್ಟಿ ಬಿಗಿಯಿರಿ. ಎಲ್ಲ ಅಂಚಿಗೂ ಫೋಮ್ ಸುತ್ತಿ, ನೈಲಾಕ್ ನಟ್ಟು (ಅಲುಗಾಟಕ್ಕೆ ಸಡಿಲವಾಗದ್ದು) ಬಳಸಿ, ಸ್ಪ್ಯಾನರಿಗೂ ದಾರ ಕಟ್ಟಿ.

ಬ್ಯಾಟರಿ ಲಿಪೋ (ಲಿಥಿಯಂ ಪಾಲಿಮರ್) ಆದರೆ ಸುರಕ್ಷತಾ ಪರಿಶೀಲನೆಯಲ್ಲಿ ಪ್ರಶ್ನೆಗಳು ಜಾಸ್ತಿ. ಹತ್ತು ಎಎ ಗಾತ್ರದ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿಂದ 12 ವೋಲ್ಟ್ ಬರುತ್ತದೆ, ಸರ್ವೋಗಳಿಗೆ ಸಾಕಾದರೆ ಅದೇ ವಾಸಿ. ಸೆಲ್‌ಗಳನ್ನು ಸ್ಪ್ರಿಂಗ್ ಹೋಲ್ಡರಿನಲ್ಲಿಡದೆ ಟ್ಯಾಬ್ ವೆಲ್ಡ್ ಮಾಡಿಸಿ. 1.8 ಜಿಯಲ್ಲಿ ಸಂಪರ್ಕ ಒಂದು ಕ್ಷಣ ತಪ್ಪಿದರೂ ಕಂಟ್ರೋಲರ್ ರೀಸೆಟ್ ಆಗುತ್ತದೆ.

ಜಡತ್ವ:
ವಿಮಾನದಲ್ಲಿ ಮಾಡುವ ಕೆಲಸದ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಪೈಲಟ್ "ಪುಲ್ ಅಪ್", "30", "40", "ಇಂಜೆಕ್ಷನ್" ಎಂದು ಕೂಗುತ್ತಾರೆ, ಅಂಕಿಗಳು ಮೂಗಿನ ಕೋನ, "ಇಂಜೆಕ್ಷನ್" ಎಂದರೆ ತೂಕವಿಲ್ಲದ ಹಂತದ ಆರಂಭ. ನಿಮ್ಮ ಚೆಕ್‌ಲಿಸ್ಟನ್ನು ಈ ಕೂಗುಗಳಿಗೇ ಜೋಡಿಸಿ: "ಪುಲ್ ಅಪ್"ಗೆ ರೆಕಾರ್ಡಿಂಗ್ ಶುರು, "ಇಂಜೆಕ್ಷನ್" ಆಗಿ ಎರಡು ಮೂರು ಸೆಕೆಂಡು ತಡೆದು ಪಿನ್ ತೆಗೆಯುವುದು, ಆಮೇಲೆ ಕೈಬಿಡುವುದು. ಕೊನೆಯಲ್ಲಿ "20" (ಈಗ ಮೂಗು ಕೆಳಮುಖ) ಕೇಳುವಷ್ಟರಲ್ಲಿ ಪೆಟ್ಟಿಗೆ ಕೈಯಲ್ಲಿರಬೇಕು. ಇಲ್ಲದಿದ್ದರೆ 6 ಕೆ.ಜಿ. ಪೆಟ್ಟಿಗೆ ಸುಮಾರು 11 ಕೆ.ಜಿ. ಭಾರವಾಗಿ ಯಾರದೋ ಕಾಲ ಮೇಲೆ ಬೀಳುತ್ತದೆ.

ವಾಂತಿ ತಡೆಗೆ ಕೊಡುವ ಸ್ಕೋಪೋಲಮೈನ್‌ನಿಂದ ಹತ್ತಿರದ ಅಕ್ಷರ ಮಸುಕಾಗಬಹುದು. ಪರದೆಯ ಮೇಲಿನ ಅಕ್ಷರ ದೊಡ್ಡದಾಗಿರಲಿ, ಟೈಪ್ ಮಾಡುವ ಕೆಲಸ ಒಂದೂ ಬೇಡ. ಪೆಟ್ಟಿಗೆಗೆ ಎರಡೇ ಗುಂಡಿ: ಒಂದು ಮುಂದಿನ ಚಲನೆಗೆ, ಇನ್ನೊಂದು ಮೋಟಾರಿನ ವಿದ್ಯುತ್ತನ್ನೇ ಕತ್ತರಿಸುವ ಕೆಂಪು ಗುಂಡಿ. ಕೆಂಪು ಗುಂಡಿ ಪೆಟ್ಟಿಗೆ ಹಿಡಿದವರ ಹೆಬ್ಬೆರಳಿಗೆ ಸಿಗುವ ಜಾಗದಲ್ಲಿರಲಿ.