ಪ್ರೊಜೆಕ್ಟರ್ ಚಿತ್ರ ಮಬ್ಬು, ಮೂಲೆಗಳೆಲ್ಲ ಮಸುಕು. 15 ಸಾವಿರದೊಳಗೆ ಬೇರೆ ಯಾವುದು ತಗೊಳ್ಳಲಿ?

ತೋಟದಮನೆ:
ತಲೆ ಕೆಟ್ಟು ಹೋಗಿದೆ. ಆನ್‌ಲೈನಲ್ಲಿ ತರಿಸಿದ್ದು, ಡಬ್ಬದ ಮೇಲೆ 9000 ಲ್ಯೂಮೆನ್ಸ್, ಫುಲ್ ಎಚ್‌ಡಿ ಅಂತ ದೊಡ್ಡದಾಗಿ ಬರೆದಿದೆ. ನೋಡಿದರೆ ಪೂರ್ತಿ ಮಬ್ಬು. ನಡುವೆ ಫೋಕಸ್ ಮಾಡಿದರೆ ಮೂಲೆ ಹೋಗುತ್ತದೆ, ಮೂಲೆ ಸರಿ ಮಾಡಿದರೆ ನಡುವೆ ಹೋಗುತ್ತದೆ. ವಾಪಸ್ ಕೊಟ್ಟು ಬೇರೆ ತಗೊಳ್ಳಬೇಕು. ಯಾವುದು ಒಳ್ಳೆಯದು?

ಆಗುಂಬೆಮಳೆ:
ಲೆನ್ಸಿಗೆ ಫಂಗಸ್. ಆಷಾಢದಲ್ಲಿ ನಮ್ಮ ಕಡೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಲೆನ್ಸ್ ಬಿಡುತ್ತದಾ? ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿಡಿ.

ತೋಟದಮನೆ:
ಬಂದು ವಾರ ಆಗಿಲ್ಲ ಮಾರಾಯ್ರೆ.

ಆಗುಂಬೆಮಳೆ:
ಗೋದಾಮಿನಲ್ಲೇ ಹಿಡಿದಿರಬಹುದು. ಟಾರ್ಚ್ ಬಿಟ್ಟು ನೋಡಿ.

ಸಾಗರ್_ಎವಿ:
ಫಂಗಸ್ ಆದರೆ ಇಡೀ ಚಿತ್ರಕ್ಕೆ ಮಂಜು ಕವಿಯುತ್ತದೆ, ಫೋಕಸ್ ಹೀಗೆ ಆಚೆ ಈಚೆ ಓಡಾಡಲ್ಲ. ಆ 9000 ಸುಮ್ನೆ ಬರೆದದ್ದು. ಆನ್ಸಿ ಲ್ಯೂಮೆನ್ಸ್ ಎಷ್ಟು ನೋಡಿ, ಅದು ಪರದೆಯ 9 ಜಾಗದಲ್ಲಿ ಬೆಳಕು ಅಳೆದು ತೆಗೆದ ಲೆಕ್ಕ. '1080ಪಿ ಸಪೋರ್ಟ್' ಅಂದರೂ ಅಷ್ಟೇ, ಆ ವಿಡಿಯೋ ಓಡುತ್ತದೆ, ತೋರಿಸುವುದು 480 ಸಾಲು ಇರಬಹುದು. ನೇಟಿವ್, ಅಂದರೆ ಅದು ನಿಜವಾಗಿ ತೋರಿಸುವ ರೆಸಲ್ಯೂಶನ್, ಎಷ್ಟು? ಮಾಡೆಲ್ ಯಾವುದು? ಎಲ್ಲಿ ಇಟ್ಟಿದ್ದೀರಿ?

ಭದ್ರಾವತಿ_ಥಿಯೇಟರ್:
ಇನ್ವರ್ಟರ್ ಇದೆಯಾ? ಅದರ ಕರೆಂಟ್ ಸ್ಕ್ವೇರ್ ವೇವ್ (ಮನೆ ಕರೆಂಟಿನ ಹಾಗೆ ನಯವಾಗಿ ಏರಿಳಿಯದ ಅಲೆ) ಆದರೆ ಚಿತ್ರ ಕೆಡುತ್ತದೆ. ನನ್ನದು ಪ್ಯೂರ್ ಸೈನ್‌ವೇವ್, 120 ಇಂಚು ಪರದೆ, ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್ ಇರುವ) ಪ್ರೊಜೆಕ್ಟರ್, ಹಿಂದೆ ಎರಡು ಸ್ಪೀಕರ್ ಛಾವಣಿಗೇ ಕೂರಿಸಿದ್ದೇನೆ.

ಸಾಗರ್_ಎವಿ:
ಸ್ಕ್ವೇರ್ ವೇವ್‌ಗೂ ಫೋಕಸ್‌ಗೂ ಏನು ಸಂಬಂಧ? ಯಾವ ಅಲೆ ಬಂದರೂ ಪವರ್ ಸಪ್ಲೈ ಅದನ್ನು ಡಿಸಿ ಮಾಡಿಯೇ ಒಳಗೆ ಬಿಡುವುದು.

ಭದ್ರಾವತಿ_ಥಿಯೇಟರ್:
ಬಳಸಿದವರಿಗೆ ಗೊತ್ತು ಸಾರ್. ಗೆರೆ ಬರುತ್ತದೆ.

ಸಾಗರ್_ಎವಿ:
ಅವರು ಗೆರೆ ಅಂತ ಹೇಳಿಯೇ ಇಲ್ವಲ್ಲ.

ತೋಟದಮನೆ:
ಕರೆಂಟ್ ಇದ್ದಾಗಲೂ ಹೀಗೇ. ಜಗಲಿಯಲ್ಲಿ ಇಟ್ಟಿದ್ದೇನೆ. ನಡುವೆ ಕಂಬ ಇದೆಯಲ್ಲ, ಹಾಗಾಗಿ ಪಕ್ಕದಿಂದ ಓರೆಯಾಗಿ ಬಿಟ್ಟು ಕೀಸ್ಟೋನ್‌ನಲ್ಲಿ (ಚಿತ್ರದ ಓರೆ ತಿದ್ದುವ ಸೆಟ್ಟಿಂಗ್) ಚೌಕ ಮಾಡಿಕೊಂಡಿದ್ದೇನೆ. 100 ಇಂಚು. ಗೋಡೆ ತಿಳಿ ಹಸಿರು. ಮಕ್ಕಳು ಸಂಜೆ ಐದಕ್ಕೆ ಹಾಕುತ್ತಾರೆ.

ಸಾಗರ್_ಎವಿ:
ಅಯ್ಯೋ, ಇದನ್ನಲ್ವಾ ಮೊದಲು ಹೇಳಬೇಕಾದ್ದು! ಓರೆಯಾಗಿ ಬಿಟ್ಟರೆ ಗೋಡೆಯ ಒಂದು ಬದಿ ಹತ್ತಿರ, ಇನ್ನೊಂದು ದೂರ, ಎರಡೂ ಒಟ್ಟಿಗೆ ಫೋಕಸ್ ಆಗುವುದಿಲ್ಲ. ಕೀಸ್ಟೋನ್ ಆಕಾರ ಮಾತ್ರ ತಿದ್ದುತ್ತದೆ, ಅದರಲ್ಲೂ ಒಂದಷ್ಟು ಪಿಕ್ಸೆಲ್ ಹೋಗುತ್ತದೆ. ನೇರ ಇಡಿ, ಕೀಸ್ಟೋನ್ ಸೊನ್ನೆ ಮಾಡಿ, 60 ಇಂಚಿಗೆ ಇಳಿಸಿ. ಅದೇ ಬೆಳಕು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಜಾಗಕ್ಕೆ ಬೀಳುತ್ತದೆ. ಬಿಳಿ ಗೋಡೆ, ಕತ್ತಲಾದ ಮೇಲೆ. ಆಗಲೂ ಮೂಲೆ ಮಸುಕಾದರೆ ಲೆನ್ಸೇ ಅಷ್ಟು, ವಾಪಸ್ ಕೊಡಿ. ಮುಂದಿನದಕ್ಕೆ ಆನ್ಸಿ, ನೇಟಿವ್ 1080 ಎರಡನ್ನೂ ಸ್ಪಷ್ಟವಾಗಿ ಬರೆಯದ ಯಾವುದನ್ನೂ ಮುಟ್ಟಬೇಡಿ.

ಆಗುಂಬೆಮಳೆ:
ಟಾರ್ಚ್ ಬಿಟ್ಟು ನೋಡಿದಿರಾ?

ಹೊಸನಗರ_ಅಡಿಕೆ:
ನಡುವೆ ಬಂದೆ, ಬೇಜಾರಾಗಬೇಡಿ. ನನ್ನದರಲ್ಲಿ ಚಿತ್ರ ಚೆನ್ನಾಗಿದೆ, ಆದರೆ ಒಟಿಟಿ ಆಪ್ 480ಕ್ಕಿಂತ ಮೇಲೆ ಹೋಗಲ್ಲ. ನೆಟ್ ಸರಿ ಇದೆ.

ಸಾಗರ್_ಎವಿ:
ವೈಡ್‌ವೈನ್ ಎಲ್1 (ಎಚ್‌ಡಿ ಕೊಡಲು ಒಟಿಟಿ ಆಪ್‌ಗಳು ಕೇಳುವ ಕಾಪಿ ರಕ್ಷಣೆ) ಇರಲಿಕ್ಕಿಲ್ಲ. ಎಚ್‌ಡಿಎಂಐಗೆ ಒಂದು ಟಿವಿ ಸ್ಟಿಕ್ ಹಾಕಿ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಈಗಾಗಲೇ ಮೂರು ಕಥೆ ಓಡುತ್ತಿವೆ.