ಜಲ್ಲಿ ಕ್ರಷರ್ ಧೂಳಿನ ಮೇಲೆ ಪಿಎಚ್‌ಡಿ: ಮೊದಲು ಏನು ಕಲಿಯಬೇಕು?

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಆಗಿದೆ. ಜಲ್ಲಿ ಕ್ರಷರ್ ಕೆಲಸಗಾರರ ಸಿಲಿಕಾ ಧೂಳಿನ ಬಗ್ಗೆ ಪಿಎಚ್‌ಡಿ ಮಾಡಿ, ವಿಶ್ವವಿದ್ಯಾಲಯದಲ್ಲೇ ಸಂಶೋಧನೆ ಮುಂದುವರಿಸುವ ಆಸೆ. ಮೊದಲ ವರ್ಷ ಯಾವುದಕ್ಕೆ ಒತ್ತು ಕೊಡಲಿ? ಅನುಭವಸ್ಥರು ತಿಳಿಸಿ.

ಉತ್ತರ: ಮೊದಲು ಅಳೆಯುವುದನ್ನು ಕಲಿಯಿರಿ, ಅಂಕಿಅಂಶ ಆಮೇಲೆ. ಅಂಗಳದಲ್ಲಿ ನಿಲ್ಲಿಸಿದ ಯಂತ್ರದಿಂದ ಕೆಲಸಗಾರ ಉಸಿರಾಡುವ ಧೂಳು ಎಷ್ಟೆಂದು ಗೊತ್ತಾಗುವುದಿಲ್ಲ. ಗಾಳಿ ಎಳೆಯುವ ಪಂಪ್ ಅವರ ಸೊಂಟದಲ್ಲಿ, ಸೈಕ್ಲೋನ್ (ದಪ್ಪ ಕಣ ಬೇರ್ಪಡಿಸಿ ಸಣ್ಣ ಧೂಳನ್ನಷ್ಟೇ ಫಿಲ್ಟರ್‌ಗೆ ಬಿಡುವ ಸಾಧನ) ಕಾಲರ್ ಹತ್ತಿರ, ಮೂಗಿನಿಂದ 30 ಸೆಂ.ಮೀ. ಒಳಗೇ ಇರಲಿ. ಪಾಳಿ ಪೂರ್ತಿ ಓಡಿಸಿ. 10 ಮಿ.ಮೀ. ನೈಲಾನ್ ಸೈಕ್ಲೋನ್ ಆದರೆ ನಿಮಿಷಕ್ಕೆ 1.7 ಲೀಟರ್, ಅಲ್ಯೂಮಿನಿಯಂ ಆದರೆ 2.5. ಹರಿವು ಇಳಿದರೆ ದಪ್ಪ ಕಣಗಳೂ ಫಿಲ್ಟರ್‌ಗೆ ನುಸುಳುತ್ತವೆ, ಲೆಕ್ಕ ಕೆಡುತ್ತದೆ. ಅದಕ್ಕೇ ಸೈಕ್ಲೋನ್, ಫಿಲ್ಟರ್ ಜೋಡಿಸಿಕೊಂಡೇ ಪಂಪಿನ ಹರಿವು ಅಳೆದು ಸರಿಹೊಂದಿಸಿ (ಕ್ಯಾಲಿಬ್ರೇಟ್ ಮಾಡಿ). ಪಾಳಿ ಮುಗಿದ ಮೇಲೆ ಮತ್ತೊಮ್ಮೆ. ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಸ್ಯಾಂಪಲ್ ಕೈಬಿಡಿ.

ಇನ್ನೊಬ್ಬರು: ಮೇಲಿನದ್ದಕ್ಕೆ ಒಂದು ಸೇರಿಸುತ್ತೇನೆ. ಸೈಕ್ಲೋನ್ ಯಾವ ಕಾರಣಕ್ಕೂ ತಲೆಕೆಳಗಾಗಬಾರದು. ತಳದ ಡಬ್ಬಿಯಲ್ಲಿ ಕೂತ ದಪ್ಪ ಧೂಳು ಫಿಲ್ಟರ್ ಮೇಲೆ ಸುರಿದರೆ ಇಡೀ ದಿನದ ಕೆಲಸ ಹಾಳು. ಊಟಕ್ಕೆ ಕೂರುವಾಗ ಕೆಲಸಗಾರರು ಬೆಲ್ಟ್ ಬಿಚ್ಚಿ ಪಕ್ಕಕ್ಕೆ ಮಲಗಿಸಿಬಿಡುತ್ತಾರೆ, ಆ ಹೊತ್ತಿಗೆ ನೀವೇ ಹತ್ತಿರ ಇರಿ. ಪಿವಿಸಿ ಫಿಲ್ಟರನ್ನು ತೂಗುವ ಕೋಣೆಯಲ್ಲಿ ಕನಿಷ್ಠ 2 ಗಂಟೆ ಬಿಟ್ಟು, ಸ್ಥಿರ ವಿದ್ಯುತ್ ತೆಗೆದು ತೂಗಿ; ಇಲ್ಲದಿದ್ದರೆ ತಕ್ಕಡಿಯ ಅಂಕೆ ನಿಲ್ಲುವುದೇ ಇಲ್ಲ. ಗಾಳಿ ಎಳೆಯದ ಖಾಲಿ ಫಿಲ್ಟರ್‌ಗಳನ್ನೂ ಹೋಲಿಕೆಗೆಂದು ಜೊತೆಗೆ ಒಯ್ದು ತನ್ನಿ.

ಮತ್ತೊಬ್ಬರು: ಧೂಳಿನ ತೂಕವಷ್ಟೇ ಸಾಲದು, ಅದರಲ್ಲಿ ಕ್ವಾರ್ಟ್ಸ್ (ಸಿಲಿಕಾದ ಹರಳು ರೂಪ) ಎಷ್ಟೆಂದು ಎಕ್ಸ್‌ರೇ ಡಿಫ್ರ್ಯಾಕ್ಷನ್‌ನಲ್ಲಿ, ಅಂದರೆ ಹರಳಿನ ರಚನೆಯಿಂದ ಖನಿಜ ಗುರುತಿಸುವ ವಿಧಾನದಲ್ಲಿ, ನೋಡಬೇಕು. ಧೂಳಿನ ಮಿತಿಗೆ 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ ಸೂತ್ರ: ಕ್ವಾರ್ಟ್ಸ್ ಶೇಕಡಾಕ್ಕೆ 2 ಕೂಡಿಸಿ, ಅದರಿಂದ 10ನ್ನು ಭಾಗಿಸಿ. ಕ್ವಾರ್ಟ್ಸ್ ಶೇ. 18 ಇದ್ದರೆ ಮಿತಿ ಘನ ಮೀಟರಿಗೆ 0.5 ಮಿ.ಗ್ರಾಂ ಧೂಳು, ಅಂದರೆ ಅದರಲ್ಲಿ ಕ್ವಾರ್ಟ್ಸ್ 0.09 ಮಿ.ಗ್ರಾಂ. ಅಮೆರಿಕದ 2016ರ ನಿಯಮದಲ್ಲಿ ಸಿಲಿಕಾಕ್ಕೇ ಮಿತಿ 0.05. ಪ್ರಬಂಧದಲ್ಲಿ ಎರಡರ ಪಕ್ಕವೂ ನಿಮ್ಮ ಅಂಕೆ ಇಟ್ಟು ತೋರಿಸಿ.

ಕೊನೆಯ ಉತ್ತರ: ವೈದ್ಯರೊಬ್ಬರನ್ನು ಸಹ-ಮಾರ್ಗದರ್ಶಕರಾಗಿ ಹುಡುಕಿಕೊಳ್ಳಿ. ಎದೆಯ ಎಕ್ಸ್‌ರೇಗಳನ್ನು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ವರ್ಗೀಕರಣದ ಪ್ರಕಾರ ಕನಿಷ್ಠ ಇಬ್ಬರು, ಒಬ್ಬರದ್ದೊಬ್ಬರು ನೋಡದೆ ಓದಬೇಕು. ಈಗ ಕೆಲಸದಲ್ಲಿ ಇರುವವರನ್ನಷ್ಟೇ ಪರೀಕ್ಷಿಸಿದರೆ ಸಿಲಿಕೋಸಿಸ್ (ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಕಡಿಮೆ ಕಾಣುತ್ತದೆ, ಏದುಸಿರು ಬಂದವರು ಆಗಲೇ ಕೆಲಸ ಬಿಟ್ಟು ಊರು ಸೇರಿರುತ್ತಾರೆ. ಅವರನ್ನೂ ಹುಡುಕಿ. ಮಾಲೀಕರ ಅನುಮತಿ ಬೇರೆ, ಕೆಲಸಗಾರರ ಒಪ್ಪಿಗೆ ಬೇರೆ. ಹೆಸರಿರುವ ವರದಿ ಮಾಲೀಕರ ಕೈಗೆ ಹೋದರೆ ಬಡವರ ಕೆಲಸವೇ ಹೋಗಬಹುದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ವಿಷಯ ನೋಂದಾಯಿಸುವ ಮೊದಲೇ ಅಲ್ಲಿಗೆ ಹೋಗಿ ಮಾತಾಡಿ.