‘ಆಂಟ್ಲರ್ ಸ್ಕೋರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಜಿಂಕೆಯ ಕೊಂಬಿನ (ಇಂಗ್ಲಿಷಿನಲ್ಲಿ ಆಂಟ್ಲರ್) ಬಗ್ಗೆ ಒಂದೆರಡು ಪದ ಬೇಕಾಗಿವೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ನವೆಂಬರ್ ಬಂತೆಂದರೆ ಇಲ್ಲಿ ಜಿಂಕೆ ಬೇಟೆಯದೇ ಮಾತು. ಮೊನ್ನೆ ಆಫೀಸಿನ ಗೆಳೆಯನೊಬ್ಬ ಬಿಳಿಬಾಲದ ಗಂಡು ಜಿಂಕೆಯ ಫೋಟೋ ತೋರಿಸಿ, ‘ಇದು 130 ದಾಟುತ್ತೆ’ ಅಂದ. ನಾನು ತೂಕ ಅಂದುಕೊಂಡೆ. ಅಲ್ಲ, ಕೊಂಬಿನ ಸ್ಕೋರಂತೆ. ಇದನ್ನು ಸಾಗರದ ಮಾವನಿಗೆ ಫೋನಲ್ಲಿ ಹೇಳಿದರೆ, ‘ಯಾವ ಟೀಮಿಗೆ ಆಡ್ತದೋ ನಿಮ್ಮ ಜಿಂಕೆ?’ ಅಂತ ಕೇಳಿದರು. ‘ಸ್ಕೋರ್’ ಅಲ್ಲಿಗೇ ಬಿತ್ತು.

ಈ 130 ಅಂದರೆ ಇಂಚು. ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎಂಬ ಇಲ್ಲಿನ ಬೇಟೆಗಾರರ ಸಂಘ 1950ರಲ್ಲಿ ಒಪ್ಪಿಕೊಂಡ ಲೆಕ್ಕ ಇದು. ಕೊಂಬುಗಳ ಉದ್ದ, ಒಂದೊಂದು ಕವಲಿನ ಉದ್ದ, ಪ್ರತಿ ಕಡೆ ನಾಲ್ಕು ಜಾಗದಲ್ಲಿ ಸುತ್ತಳತೆ, ಎರಡು ಕೊಂಬಿನ ನಡುವಿನ ಹರವು, ಎಲ್ಲ ಕೂಡಿಸಬೇಕು. ಎಡಬಲದ ವ್ಯತ್ಯಾಸ ಕಳೆದರೆ ನಿವ್ವಳ. ಇಲ್ಲಿ ‘ಒಟ್ಟು’, ‘ನಿವ್ವಳ’ ಎರಡೂ ಸಲೀಸಾಗಿ ಒಗ್ಗುತ್ತವೆ, ಅಂಗಡಿ ಲೆಕ್ಕದ ಹಾಗೆ.

ಮಜಾ ಇರುವುದು ಜೀವಂತ ಜಿಂಕೆಯನ್ನು ದೂರದಿಂದ ಅಳೆಯುವಾಗ. ಅದರ ಕಿವಿಯೇ ಅಳತೆಗೋಲು! ಕಿವಿ ನಿಮಿರಿಸಿ ನಿಂತಾಗ ತುದಿಯಿಂದ ತುದಿಗೆ ಸುಮಾರು 16 ಇಂಚು, ಒಂದು ಕಿವಿಯ ಉದ್ದ ಸುಮಾರು 6. ಕೊಂಬು ಕಿವಿಯ ತುದಿಗಿಂತ ಕೂದಲೆಳೆ ಆಚೆ ಹೋದರೆ ಹರವು 17. ಒಂದೂವರೆ ಕಿವಿಯಷ್ಟಿರುವ ಕವಲು 9. ಗೆಳೆಯ ಹೀಗೆ ಲೆಕ್ಕ ಹಾಕಿದ: ಕೊಂಬುಗಳು 22 ಮತ್ತು 22, ಹರವು 17, ಒಂದೊಂದು ಕಡೆ ಮೂರು ಕವಲು 4, 9, 7, ಅಂದರೆ ಎರಡೂ ಕಡೆ ಸೇರಿ 40. ಸುತ್ತಳತೆ ಎಲ್ಲ ಕೂಡಿ 32. ಒಟ್ಟು 133. (ಮುಂದೆ ಬಂದ ಕಿವಿಗಿಂತ ಹಿಂದೆ ಬಂದ ಕೊಂಬು ಹೆಚ್ಚು ಅಂತಾರಲ್ಲ. ಇಲ್ಲಿ ಕೊಂಬು ಎಷ್ಟು ಹೆಚ್ಚು ಅಂತ ಕಿವಿಯೇ ಹೇಳಬೇಕು.)

ಇದನ್ನೆಲ್ಲ ಕೇಳಿ ಮಾವ, ‘ಹಂಗಾದ್ರೆ ಫಸಲು ಗುತ್ತಿಗೆ ಹಿಡಿಯೋ ಚೇಣಿಯವರು ಅಡಿಕೆ ಮರ ನೋಡಿ ಫಸಲು ಹೇಳಿದ ಹಾಗೆ, ಕಣ್ಣಳತೆ’ ಅಂದರು. ಎಷ್ಟು ಸರಿಯಾದ ಮಾತು ನೋಡಿ! ಹಾಗಾಗಿ ಸ್ಕೋರಿಗೆ ‘ಒಟ್ಟಳತೆ’, ಅಂದಾಜಿಗೆ ‘ಕಣ್ಣಳತೆ’ ಅಂತ ಬರೆದುಕೊಂಡಿದ್ದೇನೆ. ‘ಅಂಕ’ ಬೇಡ, ಪರೀಕ್ಷೆಯ ವಾಸನೆ ಬರುತ್ತೆ.

ಕಷ್ಟ ಇರುವುದು ‘ಆಂಟ್ಲರ್’ನಲ್ಲಿ. ಹಸುವಿಗೂ ಕೊಂಬು, ಕಡವೆಗೂ ಕೊಂಬು. ಕೋಡು ಅಂದರೂ ಅಷ್ಟೇ. ಆದರೆ ಹಸುವಿನದೂ ಕೃಷ್ಣಮೃಗದದೂ ಉದುರುವುದಿಲ್ಲ, ಕವಲೊಡೆಯುವುದಿಲ್ಲ. ಕಡವೆ, ಜಿಂಕೆಗಳದು ಮೂಳೆ, ಉದುರಿ ಮತ್ತೆ ಬೆಳೆಯುತ್ತದೆ. ‘ಕವಲುಗೊಂಬು’ ಅಂದರೆ ಹೇಗೆ? ಕೊಂಬು ಅಂದಾಗ ಕೊಂಬೆಯೂ ನೆನಪಾಗುತ್ತೆ, ಅದೂ ಒಳ್ಳೆಯದೇ. ‘ಮೃಗಶೃಂಗ’ ಅಂತ ಮಾತ್ರ ಯಾರೂ ಸೂಚಿಸಬೇಡಿ, ದಯವಿಟ್ಟು.

ಇನ್ನೊಂದು. ಹೊಸ ಕೊಂಬು ಬೆಳೆಯುವಾಗ ಅದರ ಮೇಲೆ ಮೆತ್ತನೆಯ ರೋಮದ ತೊಗಲು ಇರುತ್ತದೆ. ಆಮೇಲೆ ಜಿಂಕೆ ಅದನ್ನು ಮರಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಇಂಗ್ಲಿಷಿನವರು ವೆಲ್ವೆಟ್ ಅಂತಾರೆ. ಬಂಡೀಪುರ, ನಾಗರಹೊಳೆ ಅಂಚಿನ ಊರಿನವರು ಯಾರಾದರೂ ಇದ್ದರೆ, ನಿಮ್ಮ ಕಡೆ ಆ ತೊಗಲಿಗೆ ಏನಂತಾರೆ?